ಕಣ್ಣು ತೆರೆಸುವ ಆಟ

ಗುಂಡನಿಗೆ ಒಂದೂಮುಕ್ಕಾಲು ವರ್ಷ ತುಂಬುತ್ತಿದ್ದ ಹಾಗೆ ಅದೇನು ಹೊಕ್ಕಿತೋ, ದಿನಾ ಬೆಳಗಿನ ಜಾವ ನಾಲ್ಕೂಕಾಲಿಗೆ ಏಳಲು ಶುರುಮಾಡಿದ. ಅಳುತ್ತ ಎದ್ದಿದ್ದರೆ ಹೊಟ್ಟೆನೋವೋ ಹಲ್ಲು ಬರುತ್ತಿದೆಯೋ ಅಂದುಕೊಳ್ಳಬಹುದಿತ್ತು. ಇವನು ನಗುನಗುತ್ತ ಏಳುತ್ತಿದ್ದ. ತನ್ನ ಹಾಸಿಗೆಯಿಂದ ಜಾರಿ, ಪುಟಪುಟ ಹೆಜ್ಜೆ ಹಾಕಿಕೊಂಡು ಬಂದು, ಅಮ್ಮನ ಮೂಗು ಹಿಡಿದು "ಬೆಳಗಾಯ್ತು" ಅನ್ನುತ್ತಿದ್ದ. ಹೊರಗೆ ಬೀದಿದೀಪ ಇನ್ನೂ ಆರಿರುತ್ತಿರಲಿಲ್ಲ.

ಅವಳು ಮಾಡದ ಉಪಾಯವಿಲ್ಲ. ಮಲಗಿಸುವ ಹೊತ್ತನ್ನು ಹಿಂದೆ ಮುಂದೆ ಮಾಡಿದಳು. ಕಿಟಕಿಗೆ ದಪ್ಪನೆಯ ಕಪ್ಪು ಪರದೆ ಹೊಲಿದು ಹಾಕಿದಳು. ಮಧ್ಯಾಹ್ನದ ನಿದ್ದೆ ತಪ್ಪಿಸಿ ನೋಡಿದರೆ ಮಾರನೆಯ ದಿನ ಮೂರೂವರೆಗೇ ಎದ್ದು ಕೂತ. ಮಕ್ಕಳ ಡಾಕ್ಟರು "ಕೆಲವು ಮಕ್ಕಳು ಹಾಗೇನಮ್ಮ, ತಾನಾಗೇ ಸರಿಹೋಗುತ್ತೆ" ಅಂದು ದೊಡ್ಡದಾಗಿ ಆಕಳಿಸಿದರು.

ಗಂಡ ಪಕ್ಕದಲ್ಲೇ ಮಲಗಿರುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಗಾಜು ಕೂರಿಸುವ ಕೆಲಸ ಅವನದು. "ನನ್ನದು ಕಲ್ಲುನಿದ್ದೆ ಕಣೇ. ಮಂಚದ ಸಮೇತ ಎತ್ಕೊಂಡು ಹೋದ್ರೂ ಗೊತ್ತಾಗಲ್ಲ. ಇಲ್ಲದಿದ್ರೆ ನಾನೇ ಎದ್ದು ನೋಡ್ಕೋತಿರಲಿಲ್ವಾ?" ಅನ್ನುತ್ತಿದ್ದ. ಹೇಳುವಾಗ ಮುಖ ಎಷ್ಟು ಬಾಡುತ್ತಿತ್ತೆಂದರೆ, ಅವಳೇ "ಇರಲಿ ಬಿಡಿ" ಅಂತ ಸಮಾಧಾನ ಮಾಡುತ್ತಿದ್ದಳು.

ಹೀಗೇ ಐದು ತಿಂಗಳು ಕಳೆಯಿತು. ಅವಳು ದುಡಿಯುತ್ತಿದ್ದದ್ದು ಒಂದು ಹೊಲಿಗೆ ಅಂಗಡಿಯಲ್ಲಿ. ಅಲ್ಲಿ ಕತ್ತರಿ ಮೇಜು ಅವಳದು. ದುಬಾರಿ ಬಟ್ಟೆಗೆ ಮೊದಲ ಕತ್ತರಿ ಹಾಕುವುದು ಎಲ್ಲರಿಗೂ ಸಿಗುವ ಮರ್ಯಾದೆಯಲ್ಲ, ಒಂಬತ್ತು ವರ್ಷ ಗೇಯ್ದು ಸಂಪಾದಿಸಿದ್ದಳು. ಒಂದು ಮಧ್ಯಾಹ್ನ ವಕೀಲರೊಬ್ಬರ ಹೊಸ ಕೋಟಿಗೆ ಇಸ್ತ್ರಿ ಹಾಕುತ್ತಿದ್ದವಳು ನಿಂತಲ್ಲೇ ತೂಕಡಿಸಿದಳು. ಸುಟ್ಟ ವಾಸನೆಗೆ ಎಚ್ಚರವಾದಾಗ ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿತ್ತು. ಅಂಗಡಿಯ ಯಜಮಾನಮ್ಮ ಬೈಯಲಿಲ್ಲ. ಮಾರನೆಯ ದಿನ ಅವಳ ಕತ್ತರಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಇವಳ ಮುಂದೆ ಗುಂಡಿಗಳ ಡಬ್ಬ ಇಟ್ಟರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಮನೆಗೆ ಬಂದು ಅತ್ತಳು. ಗಂಡ ಬೆನ್ನು ಸವರಿ, "ಸ್ವಲ್ಪ ಗಮನ ಇಟ್ಟು ಕೆಲಸ ಮಾಡಬೇಕಪ್ಪ ನೀನು" ಅಂದ.

ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಆದರೂ ಸಿಟ್ಟು ಮಾಡಿಕೊಳ್ಳಲು ಅವಳ ಹತ್ತಿರ ಕಾರಣವಿರಲಿಲ್ಲ.

ಕಾರಣ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಒಂದು ಭಾನುವಾರ. ಗಂಡ ಕ್ಷೌರಕ್ಕೆ ಹೋಗಿದ್ದ. ಅವಳು ಬಟ್ಟೆ ಮಡಚುತ್ತಿದ್ದಳು. ಗುಂಡ ತನ್ನ ದೊಡ್ಡ ಕರಡಿಗೊಂಬೆಯನ್ನು ನೆಲದ ಮೇಲೆ ದಿಂಬಿಟ್ಟು ಮಲಗಿಸಿ, ಟವೆಲು ಹೊದಿಸಿ, ಕೆನ್ನೆ ತಟ್ಟಿದ. "ಅಪ್ಪ, ಬೆಳಗಾಯ್ತು." ಆಮೇಲೆ ಕರಡಿಯನ್ನು ಪಕ್ಕಕ್ಕೆ ತಳ್ಳಿ ಅದರ ಜಾಗದಲ್ಲಿ ತಾನು ಮಲಗಿದ. ಒಂದು ಕಣ್ಣು ಮಾತ್ರ ತೆರೆದು, ತುಟಿಯ ಮೇಲೆ ಬೆರಳಿಟ್ಟು, "ಶ್... ಅಮ್ಮನ ಹತ್ರ ಹೋಗು" ಅಂದ. ಅಂದವನು ದಿಂಬಿನ ಅಡಿಗೆ ಕೈ ಹಾಕಿ ಇಲ್ಲದ ಏನನ್ನೋ ತೆಗೆದು, ಕರಡಿಯ ಬಾಯಿಗೆ ತುರುಕಿದ.

ಮಡಚುತ್ತಿದ್ದ ಬಟ್ಟೆ ಅವಳ ಕೈಯಲ್ಲೇ ಉಳಿಯಿತು. "ಯಾರು ಕಂದ ಹಾಗನ್ನೋದು?"

"ಅಪ್ಪ. ಬಿಕ್ಕೀ ಕೊತ್ತಾನೆ."

ಅವಳು ಮಲಗುವ ಕೋಣೆಗೆ ಹೋಗಿ ಗಂಡನ ದಿಂಬು ಎತ್ತಿದಳು. ಅಲ್ಲಿ ಏನೂ ಇರಲಿಲ್ಲ. ದಿಂಬಿನ ಗವಸಿನೊಳಗೆ ಕೈ ಹಾಕಿದಳು. ಅರ್ಧ ಖಾಲಿಯಾದ ಬಿಸ್ಕತ್ತಿನ ಪೊಟ್ಟಣ ಸಿಕ್ಕಿತು. ದಿನಾ ಬೆಳಗಿನ ಜಾವ ಮಗುವಿನ ಅಂಗೈ ಯಾಕೆ ಅಂಟಂಟು ಅಂತ ಏಳು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಳು.

ಮಂಚದ ಅಂಚಿನಲ್ಲಿ ಕೂತು ಯೋಚಿಸಿದ ಹಾಗೆಲ್ಲ ಮೈಯೆಲ್ಲ ಉರಿಯತೊಡಗಿತು. ಇವನಿಗೆ ಎಚ್ಚರವಾಗುತ್ತಿತ್ತು. ಮಗು ಮೊದಲು ಬರುತ್ತಿದ್ದದ್ದೇ ಇವನ ಹತ್ತಿರ. ಇವನು ಲಂಚ ಕೊಟ್ಟು ಈ ಕಡೆ ಸಾಗಹಾಕುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ನಾಲ್ಕೂಕಾಲಿಗೆ ಎದ್ದರೆ ಬಿಸ್ಕತ್ತು ಗ್ಯಾರಂಟಿ ಅಂತಾದರೆ ಯಾವ ಮಗು ಏಳುವುದಿಲ್ಲ? ಮಗುವಿಗೆ ಆ ಚಟ ಹಿಡಿಸಿದವನೇ ಇವನು. ಕೋಟು ಸುಟ್ಟದ್ದು, ಕತ್ತರಿ ಹೋದದ್ದು, "ಗಮನ ಇಟ್ಟು ಕೆಲಸ ಮಾಡು" ಅಂದದ್ದು ಎಲ್ಲ ಸಾಲಾಗಿ ಬಂದು ಎದುರಿಗೆ ನಿಂತವು.

ಮಾರನೆಯ ಬೆಳಗ್ಗೆ ಮಗುವನ್ನು ನೋಡಿಕೊಳ್ಳಲು ಬಂದ ಅತ್ತೆಯ ಹತ್ತಿರ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು. "ಅತ್ತೆ, ನಿಮ್ಮ ಮಗ ಚಿಕ್ಕೋರಿದ್ದಾಗ ಚೆನ್ನಾಗಿ ನಿದ್ದೆ ಮಾಡ್ತಿದ್ರಾ?"

"ಅವನೆಲ್ಲಿ ನಿದ್ದೆ ಮಾಡ್ತಿದ್ದ! ಮೇಲಿನ ಮನೇಲಿ ಬೆಕ್ಕು ನಡೆದ್ರೆ ಇಲ್ಲಿ ಇವನಿಗೆ ಎಚ್ಚರ" ಅಂದರು ಅತ್ತೆ.

ಪೊಟ್ಟಣ ತೆಗೆದು ಬಿಸಾಡಿದ್ದರೆ ಒಂದೆರಡು ವಾರದಲ್ಲಿ ಮಗು ತೆಪ್ಪಗೆ ಮಲಗುತ್ತಿತ್ತು. ಅದು ಅವಳಿಗೆ ಹೊಳೆಯದೆ ಇರಲಿಲ್ಲ. ಆದರೆ ಅಷ್ಟರಿಂದ ಅವಳ ಹೊಟ್ಟೆ ತಣ್ಣಗಾಗುವ ಹಾಗಿರಲಿಲ್ಲ. ಪೊಟ್ಟಣವನ್ನು ಇದ್ದಲ್ಲೇ ಬಿಟ್ಟಳು.

ಆ ವಾರವೆಲ್ಲ ಸಂಜೆ, ಗಂಡ ಬರುವ ಮುಂಚೆ, ಅವಳೂ ಗುಂಡನೂ ಕರಡಿಯ ಜೊತೆ ಒಂದು ಹೊಸ ಆಟ ಆಡಿದರು. ಕರಡಿ ಅಂದರೆ ಅಪ್ಪ. ಅಪ್ಪನ ಎದೆಯ ಮೇಲೆ ಹತ್ತಿ ಕೂರಬೇಕು. ಎರಡೂ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಲ್ಲಿ ಮೆತ್ತಗೆ ಮೇಲಕ್ಕೆತ್ತಬೇಕು. "ಅಪ್ಪ, ಸಿಕ್ಕಿಬಿದ್ದೆ" ಅನ್ನಬೇಕು. ಅಪ್ಪ ಬಿಸ್ಕತ್ತು ಕೊಟ್ಟರೂ ಇಳಿಯಬಾರದು. ಇಳಿಯದೆ ಕೂತರೆ ಸಂಜೆ ಅಮ್ಮ ಒಣದ್ರಾಕ್ಷಿ ಕೊಡುತ್ತಾಳೆ. ಕರಡಿಯ ಕಣ್ಣು ಗುಂಡಿಯದಾದ್ದರಿಂದ ರೆಪ್ಪೆಯ ಅಭ್ಯಾಸಕ್ಕೆ ತನ್ನದೇ ಕಣ್ಣು ಕೊಟ್ಟಳು. ಗುಂಡ ಶುಕ್ರವಾರದ ಹೊತ್ತಿಗೆ ಪಳಗಿದ.

ಶನಿವಾರ ನಾಲ್ಕೂಕಾಲಿಗೆ ಪುಟಪುಟ ಸದ್ದಾಯಿತು. ಅವಳು ಹೊದಿಕೆಯೊಳಗೆ ಉಸಿರು ಬಿಗಿಹಿಡಿದು ಕಾದಳು. ಬಿಸ್ಕತ್ತಿನ ಕಾಗದದ ಸರಸರ. "ಶ್..." ಆಮೇಲೆ ಹದಿಮೂರು ಕಿಲೋ ತೂಕ ಎದೆಯ ಮೇಲೆ ಬಿದ್ದಾಗ ಗಂಡಸಿನ ಬಾಯಿಂದ ಬರುವ ಸದ್ದು.

"ಅಪ್ಪ, ಸಿಕ್ಕಿಬಿದ್ದೆ."

"ಲೇ... ನೋಡೇ... ಮಗು ಎದ್ದಿದೆ" ಅಂತ ಗಂಡ ಅವಳ ಭುಜ ಅಲ್ಲಾಡಿಸಿದ. ಅವಳು ಸಣ್ಣಗೆ ಗೊರಕೆ ಹೊಡೆದಳು. ಗೊರಕೆ ಹೊಡೆಯುವುದರಲ್ಲಿ ಅಷ್ಟು ಸುಖವಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ತಿಂಡಿಯ ಹೊತ್ತಿಗೆ ಗಂಡ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಕೇಳಿದ. "ಬೆಳಗ್ಗೆ ಅಷ್ಟು ಅಲ್ಲಾಡಿಸಿದ್ರೂ ಏಳಲಿಲ್ವಲ್ಲ ನೀನು."

"ಹೌದಾ? ಗೊತ್ತೇ ಆಗಲಿಲ್ಲ ರೀ. ನಿಮ್ಮ ಜೊತೆ ಇದ್ದು ಇದ್ದು ನನಗೂ ಕಲ್ಲುನಿದ್ದೆ ಬಂದುಬಿಟ್ಟಿದೆ."

ಅವನು ತಟ್ಟೆಯಲ್ಲಿ ಬೆರಳಾಡಿಸಿದ. ಮಗು ಇಷ್ಟು ದಿನ ಬಿಸ್ಕತ್ತು ತಗೊಂಡು ಸುಮ್ಮನೆ ನಿನ್ನ ಕಡೆ ಬರುತ್ತಿತ್ತಲ್ಲ ಅಂತ ಕೇಳಬೇಕು. ಹೇಗೆ ಕೇಳುತ್ತಾನೆ? ಅವಳು ತಟ್ಟೆಗೆ ಇನ್ನಷ್ಟು ಬಡಿಸಿದಳು.

ಮೂರು ವಾರ ಇದೇ ನಡೆಯಿತು. ಗಂಡ ಬೋರಲು ಮಲಗಿ ನೋಡಿದ. ಗುಂಡ ಬೆನ್ನೇರಿ ಕಿವಿ ಹಿಡಿದು ಮುಖ ತಿರುಗಿಸಿದ. ಗಂಡ ಮುಸುಕು ಹಾಕಿ ನೋಡಿದ. ಗುಂಡ ಕಾಲಿನ ಕಡೆಯಿಂದ ಒಳಗೆ ನುಗ್ಗಿದ. ಗಂಡನ ಮುಖ ಹಿಂಡಿ ಒಣಗಿಸಿದ ಬಟ್ಟೆಯ ಹಾಗಾಯಿತು. ಒಂದು ಸಂಜೆ ಬಂದವನೇ ಕುರ್ಚಿಯಲ್ಲಿ ಕುಸಿದ. ಒಬ್ಬ ಹಿರಿಯರ ಕನ್ನಡಕಕ್ಕೆ ಎಡಗಾಜನ್ನು ಬಲಕ್ಕೆ, ಬಲಗಾಜನ್ನು ಎಡಕ್ಕೆ ಕೂರಿಸಿಬಿಟ್ಟಿದ್ದನಂತೆ. ಅವರು ಅದನ್ನು ಹಾಕಿಕೊಂಡು ಹೋಗಿ, ಯಾರದೋ ಮನೆಯ ಬೀಗಕ್ಕೆ ಅರ್ಧ ಗಂಟೆ ಕೀಲಿ ತಿರುಗಿಸಿ, ವಾಪಸ್ ಬಂದು ಅಂಗಡಿಯ ಮುಂದೆ ಗಲಾಟೆ ಮಾಡಿದರಂತೆ. ಗಿರಾಕಿಗಳ ಎದುರೇ ಮಾಲೀಕ ಮಂಗಳಾರತಿ ಎತ್ತಿದನಂತೆ.

ಅವಳು ಅವನ ಬೆನ್ನು ಸವರಿದಳು. "ಸ್ವಲ್ಪ ಗಮನ ಇಟ್ಟು ಕೆಲಸ ಮಾಡಬೇಕಪ್ಪ ನೀವು" ಅಂದಳು.

ಗಂಡ ತಲೆಯೆತ್ತಿ ಅವಳ ಮುಖವನ್ನೇ ನೋಡಿದ. "ನಿನಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿದ.

"ನೀವು ಕ್ಷೌರಕ್ಕೆ ಹೋದ ಭಾನುವಾರ."

"ತಪ್ಪಾಯ್ತು."

"ಆ ಮಾತು ನನಗಲ್ಲ. ನಾಳೆ ನನ್ನ ಜೊತೆ ಅಂಗಡಿಗೆ ಬನ್ನಿ, ಯಜಮಾನಮ್ಮನ ಮುಂದೆ ಹೇಳಿ. ಬಿಸ್ಕತ್ತಿನ ಸಮೇತ ಹೇಳಬೇಕು."

"ಅಷ್ಟು ಜನ ಹೆಂಗಸರ ಮುಂದೆನಾ?"

"ನನ್ನ ಕತ್ತರಿ ಹೋದದ್ದೂ ಅವರ ಮುಂದೇನೇ."

ಹೋದ. ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಅವನು ಕಿವಿ ಕೆಂಪು ಮಾಡಿಕೊಂಡು, ನೆಲ ನೋಡುತ್ತ, ನಿದ್ದೆಯ ನಾಟಕ ಆಡಿದ್ದು, ದಿಂಬಿನ ಗವಸಿನ ಬಿಸ್ಕತ್ತು, ಎಲ್ಲ ಒಪ್ಪಿಸಿದ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಯಜಮಾನಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಕೋಟು ಸುಟ್ಟದ್ದು ಅವಳ ಕೈಯೇ. ಅದಕ್ಕೇ ಇಷ್ಟು ದಿನ ಗುಂಡಿ ಹೊಲಿದಳು. ಇವತ್ತಿಗೆ ಅದು ಮುಗೀತು ಅಂದ್ಕೋತೀನಿ" ಅಂದರು. ಸೋಮವಾರ ಕತ್ತರಿ ಅವಳ ಮೇಜಿನ ಮೇಲಿತ್ತು.

ಈಗ ಬೆಳಗಿನ ಜಾವ ಎದ್ದೇಳುವುದು ಗಂಡನ ಪಾಲು, ತಕರಾರಿಲ್ಲದೆ. ಅವಳಿಗೆ ಮಾತ್ರ ರೂಢಿ ಬಲದಿಂದ ನಾಲ್ಕೂಕಾಲಿಗೆ ಎಚ್ಚರವಾಗುತ್ತದೆ. ಅಪ್ಪ ಮಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುವುದು ಕೇಳಿಸುತ್ತದೆ. ಗಂಡ ಇನ್ನೂ ಎದ್ದ ತಕ್ಷಣ ಮಗುವಿಗೆ ಬಿಸ್ಕತ್ತು ಕೊಡುತ್ತಾನೆ, ಪಾಪ, ಅದೇ ಮದ್ದು ಅಂದುಕೊಂಡಿದ್ದಾನೆ. ಅದನ್ನು ನಿಲ್ಲಿಸಿದರೆ ಮಗು ಮಲಗುತ್ತೆ ಅಂತ ಅವಳು ಹೇಳಬೇಕು. ಹೇಳುತ್ತಾಳೆ. ಇನ್ನೊಂದೆರಡು ತಿಂಗಳು ಹೋಗಲಿ.

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ಸದ್ದು ಬಂತು, ಹಿಂದೆಯೇ ಸೀದ ವಾಸನೆ. "ಲೇ, ಮಸಿಬಟ್ಟೆ ಎಲ್ಲಿದೆ?" ಅಂತ ಗಂಡ ಕೂಗಿದ. ಮಸಿಬಟ್ಟೆ ಎಲ್ಲಿದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.