ಇಪ್ಪತ್ತಾರು ದಿನ

"ಮಾಮ, ಅಪ್ಪ ತೀರಿಕೊಂಡ್ರು."

ಬಾಗಿಲು ತೆರೆದ ಗುಮಾಸ್ತರು ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಅಂದು ತಿಂಗಳ ಮೊದಲ ಸೋಮವಾರ. ಹತ್ತು ಗಂಟೆಗೆ ಡ್ರೈವರ್ ಬರಬೇಕಾಗಿತ್ತು. ಅವರಿಗಾಗಿ ಮೇಜಿನ ಮೇಲೆ ಬಿಳಿಯ ಹಾಳೆಗಳೂ ಪೆನ್ನೂ ಸಿದ್ಧವಾಗಿದ್ದವು. ಒಳಗೆ ಹೆಂಡತಿ ಮೂರನೆಯ ಲೋಟವನ್ನೂ ಲೆಕ್ಕಕ್ಕೆ ಹಿಡಿದು ಚಹಾದ ನೀರು ಇಟ್ಟಿದ್ದರು. ಬಂದವಳು ಡ್ರೈವರ್ ಅವರ ಮಗಳು. ತಂದೆ ಹಿಡಿದುಕೊಳ್ಳುತ್ತಿದ್ದ ಹಾಗೆಯೇ ಹಸಿರು ಫೈಲನ್ನು ಕಂಕುಳಲ್ಲಿ ಅವಚಿಕೊಂಡಿದ್ದಳು.

"ಯಾವಾಗಮ್ಮ?"

"ನಿನ್ನೆ ಸಾಯಂಕಾಲ. ಅಂಗಡೀಲಿ ಕೂತು ಯಾರದೋ ಸೈಕಲ್ ಚಕ್ರ ಸರಿ ಮಾಡ್ತಿದ್ರು. ಎದೆ ಹಿಡಿದ ಹಾಗಿದೆ ಅಂದ್ರು. ನಾನು ನೀರು ತರೋದರೊಳಗೆ..." ಅವಳು ಫೈಲನ್ನು ಎದೆಗೊತ್ತಿಕೊಂಡಳು. "ಇವತ್ತು ನಾಲ್ಕು ಗಂಟೆಗೆ ತಗೊಂಡು ಹೋಗ್ತಾರೆ."

ಗುಮಾಸ್ತರ ಹೆಂಡತಿ ಓಡಿಬಂದು ಅವಳನ್ನು ತಬ್ಬಿ ಒಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದರು. ಅದು ಪ್ರತಿ ತಿಂಗಳೂ ಡ್ರೈವರ್ ಕೂರುತ್ತಿದ್ದ ಕುರ್ಚಿ. ಮಗಳು ಕಣ್ಣೊರೆಸಿಕೊಂಡು, ಬಂದ ಕೆಲಸ ನೆನಪಾದವಳಂತೆ ಫೈಲನ್ನು ಮೇಜಿನ ಮೇಲಿಟ್ಟಳು.

"ಮಾಜಿ ಸೈನಿಕರ ಸಂಘದವರು ಬಂದಿದ್ರು. ಅವರ ಹಾಲ್‌ನಲ್ಲಿ ಹೆಸರಿನ ಹಲಗೆ ಹಾಕ್ತಾರಲ್ಲ, ಅದಕ್ಕೆ ಸೇನೆ ಸೇರಿದ ತಾರೀಖು, ಬಿಟ್ಟ ತಾರೀಖು ಬೇಕಂತೆ. ಬಿಡುಗಡೆ ಪುಸ್ತಕದಲ್ಲಿ ಇರೋದನ್ನೇ ಬರೆಸ್ತೀವಿ ಅಂದ್ರು. ನಾನು ತಡೆದೆ. ನಾಲ್ಕನೇ ತಾರೀಖು ಅಂತ ಬರೆಸೋದಾದ್ರೆ ನನಗೆ ಹಲಗೇನೇ ಬೇಡ ಅಂತ ಅಪ್ಪ ಯಾವಾಗಲೂ ಹೇಳ್ತಿದ್ರು. ಇನ್ನೇನಾದ್ರೂ ದಾರಿ ಇದೆಯಾ ಮಾಮ? ನಿಮ್ಮನ್ನ ಬಿಟ್ರೆ ನಮಗೆ ಆ ಕಚೇರೀಲಿ ಯಾರು ಗೊತ್ತು?"

ಗುಮಾಸ್ತರು ಫೈಲಿನ ದಾರ ಬಿಚ್ಚಲಿಲ್ಲ. ಅದರಲ್ಲಿದ್ದ ಅರ್ಜಿಗಳನ್ನೆಲ್ಲ ಬರೆದವರು ಅವರೇ. ಒಟ್ಟು ಹದಿನಾಲ್ಕು. ಹದಿನಾಲ್ಕಕ್ಕೂ ಬಂದ ಉತ್ತರ ಒಂದೇ: ಆಧಾರವಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಅವರು ಸೇನೆಯ ದಾಖಲೆ ಕಚೇರಿಯಲ್ಲಿ ಕಿರಿಯ ಗುಮಾಸ್ತರಾಗಿದ್ದರು. ಸೈನಿಕನೊಬ್ಬನ ಬಿಡುಗಡೆಯ ಆದೇಶ ಬಂದ ಕೂಡಲೇ ಅವನ ಪುಸ್ತಕದಲ್ಲಿ ತಾರೀಖು ಬರೆದಿಡುವುದು ಅಲ್ಲಿನ ಪದ್ಧತಿ. ಅವನು ಇನ್ನೂ ದಳದಲ್ಲೇ ಇರುತ್ತಿದ್ದ. ಪುಸ್ತಕದಲ್ಲಿ ಮಾತ್ರ ಮನೆಗೆ ಹೊರಟಾಗಿರುತ್ತಿತ್ತು. ಕೆಲಸ ಗುಡ್ಡೆ ಬೀಳದಿರಲೆಂದು ಹಿರಿಯರು ಮಾಡಿಕೊಂಡಿದ್ದ ಉಪಾಯ ಅದು. ದಳದವರು ಯಾರನ್ನಾದರೂ ಕೆಲವು ದಿನ ಉಳಿಸಿಕೊಂಡರೆ ಒಂದು ಚೀಟಿ ಬರುತ್ತಿತ್ತು. ಅಂಥ ಚೀಟಿಗಳನ್ನೆಲ್ಲ ಶನಿವಾರ ಮಧ್ಯಾಹ್ನ ಒಟ್ಟಿಗೆ ಕೂತು ದೊಡ್ಡ ರಿಜಿಸ್ಟರಿನಲ್ಲಿ ಆಯಾ ಸೈನಿಕನ ಹಾಳೆಗೆ ಅಂಟಿಸಬೇಕು, ಅದನ್ನು ನೋಡಿ ಪುಸ್ತಕ ತಿದ್ದಬೇಕು.

ಡ್ರೈವರ್ ಅವರ ಪುಸ್ತಕದಲ್ಲಿ ಬರೆದದ್ದು ನಾಲ್ಕನೆಯ ತಾರೀಖು. ಆದರೆ ಆ ವಾರವೇ ಹೊಳೆಗೆ ಪ್ರವಾಹ ಬಂದು, ಲಾರಿ ನಡೆಸುವವರು ಸಾಲದೆ, ಅವರನ್ನು ಮೂವತ್ತರವರೆಗೆ ಉಳಿಸಿಕೊಂಡರು. ಚೀಟಿ ಬಂತು. ಅದರ ಮೇಲೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರ. ಒಂದೇ ದಿನ ಸೇನೆಗೆ ಸೇರಿದ್ದ ಇಬ್ಬರು ಡ್ರೈವರುಗಳ ಸಂಖ್ಯೆ ಒಂದರ ಹಿಂದೊಂದು. ಆ ಶನಿವಾರ ಗುಮಾಸ್ತರಿಗೆ ಅಂಗಡಿ ಮುಚ್ಚುವುದರೊಳಗೆ ಹೊಸ ಬೂಟು ಕೊಳ್ಳುವ ಆತುರ. ಚೀಟಿಗೆ ಗೋಂದು ಸವರಿ, ಪಕ್ಕದ ಹಾಳೆಗೆ ಅಂಟಿಸಿ, ಬೆರಳು ಒರೆಸಿಕೊಂಡು ಎದ್ದರು. ಇನ್ನೊಬ್ಬನ ಲೆಕ್ಕಕ್ಕೆ ಇಪ್ಪತ್ತಾರು ದಿನ ಹೆಚ್ಚಾಯಿತು. ಹೆಚ್ಚಾದದ್ದರ ಬಗ್ಗೆ ಅವನು ದೂರು ಕೊಡಲಿಲ್ಲ.

ಆ ತಿಂಗಳ ಹತ್ತೊಂಬತ್ತರಂದು ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಲಾರಿಯಲ್ಲಿ ಇಬ್ಬರೇ ಇದ್ದರು. ಡ್ರೈವರ್ ಈಜಿ ದಡ ಸೇರಿ, ಜೊತೆಯವನನ್ನೂ ಎಳೆದು ತಂದರು. ಆತ ಅರ್ಧ ಗಂಟೆ ಬದುಕಿದ್ದ. ತನ್ನ ಹೆಂಡತಿಗೆ ಹೇಳಬೇಕೆಂದು ಒಂದಿಷ್ಟು ಮಾತು ಹೇಳಿದ. ಡ್ರೈವರ್ ಮನೆಗೆ ಬಂದ ವಾರದಲ್ಲೇ ಆ ಹೆಂಗಸನ್ನು ಹುಡುಕಿಕೊಂಡು ಹೋದರು. ಇದೇ ಊರಿನಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ನಂಬಿಕೆ ಬರಲಿ ಎಂದು ತಮ್ಮ ಬಿಡುಗಡೆ ಪುಸ್ತಕವನ್ನು ತಾವೇ ಅವಳ ಕೈಗಿಟ್ಟರು. ಅಂಗುಲ ಅಂಗುಲವಾಗಿ ಅಳೆದು ಬದುಕುವವಳು. ತಾರೀಖನ್ನೂ ಹಾಗೆಯೇ ನೋಡಿದಳು.

"ನಾಲ್ಕನೇ ತಾರೀಖು ಸೇನೆ ಬಿಟ್ಟವರು ಹತ್ತೊಂಬತ್ತನೇ ತಾರೀಖು ನನ್ನ ಗಂಡನ ಹತ್ರ ಹೇಗಿದ್ರಿ? ಗಂಡನ್ನ ಕಳಕೊಂಡಿದೀನಿ, ಬುದ್ಧಿ ಕಳಕೊಂಡಿಲ್ಲ. ಕಥೆ ಹೇಳೋಕೆ ಬೇರೆ ಮನೆ ನೋಡ್ಕೊಳ್ಳಿ," ಎಂದು ಬಾಗಿಲು ಹಾಕಿದಳು.

ಮರುದಿನವೇ ಡ್ರೈವರ್ ಕಚೇರಿಯ ಕಿಟಕಿಯ ಮುಂದೆ ನಿಂತರು. ಗುಮಾಸ್ತರು ರಿಜಿಸ್ಟರ್ ತೆಗೆದರು. ಪಕ್ಕದ ಹಾಳೆಯಲ್ಲಿ ತಮ್ಮದೇ ಕೈಯ ಚೀಟಿ ಕಂಡಿತು. ಹಿಂದಿನ ತಿಂಗಳಷ್ಟೇ ಇಂಥದೇ ತಪ್ಪಿಗೆ ಒಬ್ಬನ ಕೆಲಸ ಹೋಗಿತ್ತು. ರಿಜಿಸ್ಟರ್ ಮುಚ್ಚಿ, "ಒಂದು ಅರ್ಜಿ ಕೊಡಿ, ನೋಡೋಣ," ಎಂದರು.

ನೋಡೋಣ ಎಂದದ್ದು ಮೂವತ್ತೊಂದು ವರ್ಷ ನಡೆಯಿತು. ಮೊದಲು ಕೆಲಸದ ಭಯ, ಆಮೇಲೆ ಬಡ್ತಿಯ ಆಸೆ, ನಿವೃತ್ತಿಯಾದ ಮೇಲೆ ಬರೀ ನಾಚಿಕೆ. ಪ್ರತಿದಿನ ಪ್ರಾರ್ಥನೆಗೆ ಕೂತಾಗ ಈ ಮಾತು ಗಂಟಲವರೆಗೆ ಬಂದು, ಅಲ್ಲೇ ನಿಂತು, ಹಿಂದಕ್ಕೆ ಹೋಗುತ್ತಿತ್ತು. ಡ್ರೈವರ್ ಮಾತ್ರ ಅವರನ್ನು ದೊಡ್ಡ ಉಪಕಾರಿಯೆಂದು ತಿಳಿದು ತಿಂಗಳು ತಿಂಗಳೂ ಬರುತ್ತಿದ್ದರು. "ನಿಮ್ಮ ಪುಸ್ತಕದ ಪ್ರಕಾರ ಅವತ್ತು ನಾನು ಮನೇಲಿ ಕಾಲು ಚಾಚಿ ಮಲಗಿದ್ದೆ, ಗುಮಾಸ್ತರೇ. ಹಾಗಾದ್ರೆ ಹೊಳೇಲಿ ನೆನೆದ ಪ್ಯಾಂಟು ಯಾರದು ಅಂತ ಇನ್ನೊಂದು ಅರ್ಜಿ ಬರೀರಿ," ಎಂದು ನಗುತ್ತಿದ್ದರು. ಗುಮಾಸ್ತರೂ ನಗುತ್ತಿದ್ದರು. ಬರೆಯುತ್ತಿದ್ದರು. ಚೀಟಿಯ ಮಾತೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಬರೆಯುತ್ತಿದ್ದರು.

"ದಾರಿ ಇದೆಯಮ್ಮ," ಎಂದರು ಈಗ. "ಮೊದಲಿಂದಲೂ ಇತ್ತು."

ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಬೂಟಿನ ವಿಷಯವನ್ನೂ ಬಿಡಲಿಲ್ಲ. ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಚುರ್ ಎಂದಿತು, ಹೆಂಡತಿ ಕದಲಲಿಲ್ಲ. ಮಗಳು ಫೈಲನ್ನು ತನ್ನಿಂದ ದೂರ ಸರಿಸಿದಳು.

"ಅಪ್ಪನಿಗೆ ಗೊತ್ತಿತ್ತಾ?"

"ಇಲ್ಲಮ್ಮ."

"ಇವತ್ತು ನಿಮಗೆ ಕೊಡೋಕೆ ಅಂತ ನಿಮ್ಮ ಸೈಕಲ್‌ಗೆ ಹೊಸ ಬೆಲ್ ತಂದಿಟ್ಟಿದ್ರು," ಎಂದಳು. ಅಷ್ಟು ಹೇಳಿ, ಫೈಲನ್ನು ಅಲ್ಲೇ ಬಿಟ್ಟು, ಎದ್ದು ಹೋದಳು.

ಹೆಂಡತಿ ಒಳಗಿನಿಂದ ಇಸ್ತ್ರಿ ಮಾಡಿದ ಅಂಗಿ ತಂದು ಕುರ್ಚಿಯ ಬೆನ್ನಿಗೆ ಹಾಕಿದರು. "ಹೊರಡಿ," ಎಂದರು, "ನಿಮ್ಮ ಮುಖ ನೋಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ನಾಲ್ಕು ಗಂಟೆಯೊಳಗೆ ಆಗಬೇಕು."

ದಾಖಲೆ ಕಚೇರಿಯ ಮೇಲಧಿಕಾರಿ ಒಂದು ಕಾಲಕ್ಕೆ ಅವರ ಕೈಕೆಳಗೆ ಕೆಲಸ ಕಲಿತವಳು. ಬಾಗಿಲಲ್ಲಿ ಅವರನ್ನು ಕಂಡು ಎದ್ದು ನಿಂತಳು. "ಏನ್ ಸಾರ್, ಹಾಜರಿ ಹಾಕೋಕೆ ಬಂದ್ರಾ? ನಿಮ್ಮ ಕುರ್ಚಿ ಕಾಲು ಮುರಿದು ನಾಲ್ಕು ವರ್ಷ ಆಯ್ತು."

ಗುಮಾಸ್ತರು ನಗಲಿಲ್ಲ. ರಿಜಿಸ್ಟರಿನ ವರ್ಷ ಹೇಳಿದರು. ನೆಲಮಾಳಿಗೆಯಿಂದ ಬಂದ ರಿಜಿಸ್ಟರಿನ ಬೆನ್ನು ಕಿತ್ತುಹೋಗಿತ್ತು. ಒಳಗಿನ ಹಾಳೆಗಳು ಗಟ್ಟಿಯಾಗಿದ್ದವು. ಪುಟ ಹುಡುಕಬೇಕಾಗಲಿಲ್ಲ. ಕನಸಿನಲ್ಲಿ ಎಷ್ಟೋ ಸಲ ತೆರೆದ ಪುಟ. ಚೀಟಿಯ ಗೋಂದು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಉಗುರು ತಾಗಿಸಿದ ಕೂಡಲೇ ಅಂಚು ಮೇಲೆದ್ದಿತು. ಇಷ್ಟು ಸುಲಭವಾಗಿ ಏಳಬಹುದೆಂದು ಅವರು ಎಣಿಸಿರಲಿಲ್ಲ.

"ಕೀಳಬೇಡಿ ಸಾರ್, ಹಾಗೇ ಇರಲಿ," ಎಂದು ಅಧಿಕಾರಿ ಬಗ್ಗಿ ಎರಡೂ ಹಾಳೆಗಳ ಸಂಖ್ಯೆಯನ್ನು ಚೀಟಿಯ ಸಂಖ್ಯೆಯೊಂದಿಗೆ ಹೋಲಿಸಿದಳು. "ಅಯ್ಯೋ, ಎಷ್ಟು ಸ್ಪಷ್ಟವಾಗಿದೆ! ಇದನ್ನು ಅಂಟಿಸಿದ ಪುಣ್ಯಾತ್ಮ ಯಾರು?"

"ನಾನೇ."

ಅವಳು ತಲೆಯೆತ್ತಿದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಅಂಕಿ ತಪ್ಪಿದರೆ ಒಂದು ಜೀವ ತಪ್ಪಿದ ಹಾಗೆ ಎಂದು ಅವಳಿಗೆ ಹೇಳಿಕೊಟ್ಟವರು ಇವರೇ. "ಹಳೇ ಕಾಲದ ತಪ್ಪು ಅಂತ ಬರೆದು ಮುಗಿಸ್ತೀನಿ ಸಾರ್," ಎಂದಳು ಮೆಲ್ಲಗೆ. "ನಿಮ್ಮ ಹೆಸರು ಯಾಕೆ?"

"ಬೇಡಮ್ಮ. ಯಾರ ಕೈಯಿಂದ ಆಯಿತು, ಯಾವಾಗ ಗೊತ್ತಾಯಿತು, ಎಷ್ಟು ವರ್ಷ ಬಚ್ಚಿಟ್ಟೆ, ಎಲ್ಲಾ ಇರಲಿ. ಒಂದು ಸಲವಾದರೂ ಪೂರ್ತಿ ಬರೀತೀನಿ."

ಹದಿನೈದನೆಯ ಅರ್ಜಿಯನ್ನು ಅವರು ತಮ್ಮ ಹೆಸರಿನಲ್ಲಿ ಬರೆದು ಸಹಿ ಹಾಕಿದರು. ಒಂದೂವರೆ ಗಂಟೆಯಲ್ಲಿ ತಿದ್ದಿದ ಪ್ರತಿಗೆ ಮೊಹರು ಬಿತ್ತು. ಅದಕ್ಕೆ ಬೇಕಾದದ್ದು ಅಷ್ಟೇ ಸಮಯ.

ಪ್ರತಿ ಹಿಡಿದು ಅವರು ಮೊದಲು ಸಂಘಕ್ಕೆ ಹೋಗಲಿಲ್ಲ. ಹೊಲಿಗೆ ಅಂಗಡಿಗೆ ಹೋದರು. ಅಂದು ಡ್ರೈವರ್ ಅವರ ಮುಖಕ್ಕೆ ಬಾಗಿಲು ಹಾಕಿದ್ದ ಟೈಲರಮ್ಮನಿಗೆ ಈಗ ಅರವತ್ತರ ಹತ್ತಿರ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಶಾಲಾ ಹುಡುಗಿಯರ ಲಂಗದ ಅಂಚು ಮಡಿಸುತ್ತಿದ್ದಳು. ಡ್ರೈವರ್ ಈ ಬೀದಿಗೆ ಬಂದರೆ ಎದುರು ಬದಿಯಲ್ಲೇ ನಡೆಯುತ್ತಿದ್ದರು, ತಲೆ ತಗ್ಗಿಸಿ.

"ಅಂಗಿ ಹೊಲಿಸಬೇಕಾ? ಈ ವಾರ ಆಗಲ್ಲ ಈಗಲೇ ಹೇಳ್ತೀನಿ."

ಗುಮಾಸ್ತರು ಕಾಗದವನ್ನು ಮಿಷಿನ್ನಿನ ಮೇಲಿಟ್ಟರು. ಅವಳು ಓದಿದಳು. ತಾರೀಖಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ತಪ್ಪು ಯಾರದು, ಎಷ್ಟು ಕಾಲ ಬಚ್ಚಿಟ್ಟದ್ದು ಎಂಬುದೂ ಅದರ ಕೆಳಗೇ ಇತ್ತು. ಓದಿ ಮುಗಿಸಿ ಅವರ ಮುಖ ನೋಡಿದಳು. ಬಯ್ಯುತ್ತಾಳೆಂದು ಅವರು ಕಾದರು. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

"ಹಾಗಾದ್ರೆ ಅವರು ಹೇಳಿದ್ದು ನಿಜ," ಎಂದಳು. "ಬಾಗಿಲಲ್ಲಿ ನಿಂತು, ನಿಮ್ಮೋರು ಕೊನೇಲಿ ನಿಮಗೊಂದು ಮಾತು ಹೇಳಿದಾರೆ ಅಂತ ಶುರು ಮಾಡಿದ್ರು. ಪುಸ್ತಕ ನೋಡಿ, ಮುಂದಿಂದು ಕೇಳದೆ ಬಾಗಿಲು ಹಾಕಿದೆ." ಕನ್ನಡಕ ತೆಗೆದಳು. "ಏನಂತೆ ಆ ಮಾತು? ನಿಮಗೆ ಹೇಳಿರ್ತಾರಲ್ಲ?"

ಗುಮಾಸ್ತರು ಎಷ್ಟೋ ಸಲ ಕೇಳಿದ್ದರು. ಡ್ರೈವರ್ ಪ್ರತಿ ಸಲವೂ ತಲೆಯಾಡಿಸುತ್ತಿದ್ದರು: ಅದು ಅವರ ಸೊತ್ತು, ಗುಮಾಸ್ತರೇ, ನಾನು ಬರೀ ಹೊತ್ಕೊಂಡು ಬಂದವನು, ನನ್ನ ಹೆಂಡತಿ ಮಗಳಿಗೂ ಹೇಳಿಲ್ಲ.

"ನನಗೆ ಗೊತ್ತಿಲ್ಲಮ್ಮ. ಯಾರಿಗೂ ಹೇಳಲಿಲ್ಲ."

"ಹಾಗಾದ್ರೆ ಅವರನ್ನೇ ಕೇಳ್ತೀನಿ. ಕರ್ಕೊಂಡು ಹೋಗಿ," ಎಂದು ಅವಳು ಎದ್ದಳು. ಮಡಿಲಿನಲ್ಲಿದ್ದ ಗುಂಡಿಗಳು ನೆಲಕ್ಕೆ ಚೆಲ್ಲಿ ಉರುಳಿದವು.

ಗುಮಾಸ್ತರು ಹೇಳಬೇಕಾಯಿತು. ಹೇಳಿದರು. ಅವಳು ಮತ್ತೆ ಕೂರಲಿಲ್ಲ, ಅಳಲೂ ಇಲ್ಲ. ಅಂಗಡಿಯ ಬಾಗಿಲಿಗೆ ಬೀಗ ಹಾಕಿದಳು. "ಆದ್ರೂ ಬರ್ತೀನಿ," ಎಂದಳು.

ಡ್ರೈವರ್ ಅವರನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಉಗುರಿನ ಸಂದಿಯ ಗ್ರೀಸು ತೊಳೆದರೂ ಪೂರ್ತಿ ಹೋಗಿರಲಿಲ್ಲ. ಗುಮಾಸ್ತರು ಕಾಗದವನ್ನು ಮಗಳ ಕೈಗೆ ಕೊಟ್ಟರು. ಅವಳು ಓದಿ ಮಡಿಸಿ ತಂದೆಯ ಅಂಗಿಯ ಜೇಬಿನಲ್ಲಿಟ್ಟಳು. ಆಮೇಲೆ ಏನೋ ಯೋಚಿಸಿ ಮತ್ತೆ ತೆಗೆದು ಸಂಘದವರ ಕೈಗೆ ಕೊಟ್ಟಳು.

ಟೈಲರಮ್ಮನಿಗೆ ಜನ ದಾರಿ ಬಿಟ್ಟರು. ಯಾರೋ ಒಂದು ಸ್ಟೂಲು ತಂದಿಟ್ಟರು. ಅವಳು ಅದನ್ನು ತಲೆಯ ಹತ್ತಿರಕ್ಕೆ ಎಳೆದುಕೊಂಡು ಕುಳಿತಳು. ತನ್ನ ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿ, ಕಿವಿಯನ್ನು ಡ್ರೈವರ್ ಅವರ ತುಟಿಯ ಬಳಿಗೆ ಬಗ್ಗಿಸಿ, ಹಾಗೆಯೇ ಇದ್ದಳು. ಗೋಡೆಯ ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಗುಮಾಸ್ತರು ಹೊಸ್ತಿಲಾಚೆ ಬೂಟು ಬಿಚ್ಚಿ, ಕೈಜೋಡಿಸಿ ನಿಂತರು. ತಮಗಾಗಿ ಕೇಳಲು ಏನೋ ಇತ್ತು, ನಾಲಿಗೆ ಏಳಲಿಲ್ಲ. ಅದನ್ನು ಬಿಟ್ಟು ಉಳಿದದ್ದನ್ನು ಕೇಳಿಕೊಂಡರು:

ದೇವರೇ, ನಿನ್ನ ಪುಸ್ತಕದಲ್ಲಿ ಇವರ ದಿನಗಳು ಎಂದೂ ಕಡಿಮೆಯಾಗಿರಲಿಲ್ಲ. ಹೊಳೆಯ ದಡದಿಂದ ಹೊತ್ತು ತಂದದ್ದನ್ನು ಇವರ ಹೆಗಲಿಂದ ನೀನೇ ಇಳಿಸಿಕೋ. ಬಾಗಿಲು ಹಾಕದ ಮನೆಯಲ್ಲಿ ಇವರನ್ನು ಕೂರಿಸಿಕೋ. ಇವರಿಗೆ ಶಾಂತಿ ಕೊಡು.