ನೀರಿಲ್ಲದ ಹೊತ್ತಿನ ನಲ್ಲಿ

ಪರೇಲಿನ ಆಸ್ಪತ್ರೆಯಲ್ಲಿ ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡ ಧನರಾಜ ಟ್ಯಾಕ್ಸಿಯಲ್ಲಿ ಒಂದು ಬದಿಗೆ ವಾಲಿ ಕೂತುಕೊಂಡೇ ದಹಿಸರಿನ ಮನೆ ಸೇರಿದ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ; ಒಳಗಿನ ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ಬಿಗಿದರೆ ರಕ್ತ ಸಿಗದೆ ಅದು ಒಣಗಿ ತಾನೇ ಉದುರುತ್ತದೆ ಎಂದು ಡಾಕ್ಟರ್ ಹಿತೇಶ್ ವಿವರಿಸಿದ್ದರು. ಉದುರುವಾಗ ಸ್ವಲ್ಪ ರಕ್ತ ಕಂಡರೆ ಹೆದರಬೇಕಾಗಿಲ್ಲ. ತುಂಬ ಹೋದರೆ, ಜ್ವರ ಬಂದರೆ, ಮೂತ್ರ ಕಟ್ಟಿದರೆ ಕೂಡಲೇ ಬರಬೇಕು.

ಅದಕ್ಕೂ ಮೊದಲು ಅವರು ಒಂದು ಮಾತು ಕೇಳಿದ್ದರು. "ಘರ್ ಮೇ ಕಿಸೀ ಕೋ ಆಂತ್ ಕೀ ಬೀಮಾರಿ ಥೀ?"

ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತೇ ಎಂದು. "ನಹೀಂ" ಎಂದುಬಿಟ್ಟ ಧನರಾಜ. ಅಣ್ಣ ಕೊರಗ ಹಾರ್ಟ್ ಅಟ್ಯಾಕ್ ಆಗಿ ಹೋದರು ಎಂದು ಉಡುಪಿಗೂ ಮುಂಬೈಗೂ ಹೇಳಿ ಹೇಳಿ ಅವನ ನಾಲಿಗೆ ಆ ದಾರಿಯಲ್ಲೇ ಪಳಗಿತ್ತು.

ಕೊರಗಣ್ಣ ಸ್ಟೇಷನ್ ಬದಿಯ ಹೋಟೆಲಿನ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಮುಂದೆ, ಕೂತೇ ಆಯುಷ್ಯ ಕಳೆದವರು. ವರ್ಷಗಟ್ಟಲೆ ರಕ್ತ ಹೋಗುತ್ತಿತ್ತು. "ಮೂಲವ್ಯಾಧಿ ಮಾರಾಯ, ಗಲ್ಲೆಯಲ್ಲಿ ಕೂತವನಿಗೆ ಸಿಗುವ ಪಗಾರ ಅದು" ಎಂದು ನಗುತ್ತಿದ್ದರು. ಬಾತ್‌ರೂಮಿಗೆ ಹೋದರೆ ನಲ್ಲಿಯನ್ನು ಪೂರ್ತಿ ತಿರುಗಿಸಿಡುತ್ತಿದ್ದರು, ನರಳುವುದು ಹೊರಗೆ ಕೇಳಬಾರದೆಂದು. ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಲಿವರಿಗೂ ಹಬ್ಬಿತ್ತು. ಮಗಳು ಯಕ್ಷಿತಾಳ ಮದುವೆ ನಿಶ್ಚಯವಾಗಿದ್ದ ಸಮಯ. ಗಂಡಿನವರು ಹಿಂಜರಿದಾರೆಂದು ಮನೆಯವರೆಲ್ಲ ಹಾರ್ಟ್ ಎಂದೇ ಹೇಳಿದರು. ಮದುವೆಯಾಗಿ ಸ್ವಲ್ಪ ಸಮಯದಲ್ಲೇ ಅವರು ತೀರಿಕೊಂಡರು. ಅತ್ತಿಗೆ ಅಪ್ಪಿ ಮಲಾಡ್‌ನಲ್ಲಿ ಮಗಳ ಜೊತೆ ಇರತೊಡಗಿದರು. ಗಲ್ಲೆಯೂ ಈ ಮನೆಯೂ ಧನರಾಜನ ಪಾಲಿಗೆ ಬಂದವು.

ಹೆಂಡತಿ ನಮಿತಾ ಶಾಲೆಯ ಕೆಲಸಕ್ಕೆ ಹೋಗಿದ್ದಳು. ಧನರಾಜ ಮಗ್ಗುಲಾಗಿ ಮಲಗಿದ. ಒಳಗೆ ಏನೋ ಸಿಕ್ಕಿಕೊಂಡಂತೆ ಭಾರ. ಈಗಲೇ ಹೋಗಬೇಕು ಎನಿಸುವುದು, ಹೋಗಿ ಕೂತರೆ ಏನೂ ಇಲ್ಲ. ಇದೂ ಮಾಮೂಲು, ತಿಣುಕಬೇಡಿ ಎಂದು ಡಾಕ್ಟರ್ ಹೇಳಿದ್ದರು. ಕಣ್ಣು ಮುಚ್ಚುವಷ್ಟರಲ್ಲಿ ಬಾತ್‌ರೂಮಿನಲ್ಲಿ ನಲ್ಲಿ ಸುರಿಯತೊಡಗಿತು.

ಆ ಹೌಸಿಂಗ್ ಸೊಸೈಟಿಯಲ್ಲಿ ನೀರು ಬರುವುದು ಬೆಳಗ್ಗೆ ಮಾತ್ರ. ಧನರಾಜ ಗೋಡೆ ಹಿಡಿದುಕೊಂಡು ಎದ್ದು ಹೋಗಿ ನೋಡಿದ. ನೆಲ ಒಣಗಿತ್ತು. ಬಕೆಟ್ಟಿನ ನೀರು ಅಲುಗಿರಲಿಲ್ಲ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ಹಿಂದಿರುಗಿ ಮಲಗಿದೊಡನೆ ಮತ್ತೆ ಅದೇ ಸದ್ದು, ಅದರ ಮರೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಆ ಕೆಮ್ಮು ಅವನಿಗೆ ಗುರುತಿತ್ತು.

ಮರುದಿನವೂ ಹಾಗೇ ಆಯಿತು. ಆ ಕೋಣೆಗೆ ಕಾಲಿಡಬೇಕಲ್ಲ ಎಂದು ಧನರಾಜ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ. ಮಲ ಸಡಿಲವಾಗಲೆಂದು ನಮಿತಾ ಕಲಸಿಟ್ಟು ಹೋದ ಇಸಬಗೋಲು ಗ್ಲಾಸಿನಲ್ಲೇ ಗಟ್ಟಿಯಾಗುತ್ತಿತ್ತು. ಊಟಕ್ಕೆ ಕೂತರೆ ಎರಡು ತುತ್ತಿಗೇ ಏಳುತ್ತಿದ್ದ. ನೋವಿರಬೇಕೆಂದು ನಮಿತಾ ಅಪ್ಪಿಯವರಿಗೆ ಫೋನ್ ಮಾಡಿ ಕರೆಸಿಕೊಂಡಳು.

ಅಪ್ಪಿ ಬಂದವರೇ ಗಂಜಿ ಬೇಯಿಸಿ, ತುಪ್ಪ ಹಾಕಿ ಎದುರಿಗಿಟ್ಟರು. "ಹೀಗೆ ಹೊಟ್ಟೆ ಕಟ್ಟಿದ್ರೆ ಗಟ್ಟಿಯಾಗ್ತದೆ, ಆಮೇಲೆ ಇನ್ನೂ ಕಷ್ಟ. ಉಣ್ಣು ಧನು."

ಅವನು ಚಮಚ ಎತ್ತಿದ. ಆಗಲೇ ನಲ್ಲಿ ಶುರುವಾಯಿತು. ಧನರಾಜ ಬಟ್ಟಲಿನಿಂದ ತಲೆಯೆತ್ತಲಿಲ್ಲ. ಉಪ್ಪಿನಕಾಯಿ ಬಡಿಸುತ್ತಿದ್ದ ಅತ್ತಿಗೆಯ ಕೈ ಮಾತ್ರ ಗಾಳಿಯಲ್ಲಿ ನಿಂತದ್ದು ಕಂಡಿತು.

"ನಿಮಗೂ ಕೇಳ್ತದಾ?"

"ಮಲಾಡ್‌ನಲ್ಲೂ ಕೇಳ್ತದೆ. ಅವ್ರು ಹೋದಾಗಿಂದ." ಅಪ್ಪಿ ನಿಧಾನವಾಗಿ ಕೂತರು. "ಯಕ್ಷಿತಾಳಿಗೆ ಹೇಳ್ಲಿಲ್ಲ. ತಲೆ ಕೆಟ್ಟಿದೆ ಅಂದುಕೊಂಡಾಳು."

ಇಬ್ಬರೂ ಬಾತ್‌ರೂಮಿನ ಮುಚ್ಚಿದ ಬಾಗಿಲನ್ನು ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ ಸದ್ದು ನಿಂತಿತು.

"ರಕ್ತ ಹತ್ತಿದ ಅವ್ರ ಲುಂಗಿ ಒಗೆದವಳು ನಾನು," ಎಂದರು ಅಪ್ಪಿ. "ಯಾರಿಗೂ ಹೇಳ್ಬೇಡ ಅಂದ್ರು. ಹೇಳ್ಲಿಲ್ಲ. ನೀನು ಡಾಕ್ಟ್ರಿಗೆ ಅಣ್ಣನ ವಿಷಯ ಹೇಳಿದ್ಯಾ?"

ಧನರಾಜ ಚಮಚ ಮತ್ತೆ ಎತ್ತಿಕೊಂಡ. ಗಂಜಿಯನ್ನು ಪೂರ್ತಿ ಉಂಡ.

ಅತ್ತಿಗೆ ಅಲ್ಲೇ ಉಳಿದರು. ಒಂದು ಬೆಳಗ್ಗೆ ಶೌಚಕ್ಕೆ ಕೂತಿದ್ದಾಗ ಧನರಾಜನಿಗೆ ಒಳಗಿನ ಭಾರ ಸಡಿಲಾದಂತಾಯಿತು. ಎದ್ದು ನೋಡಿದರೆ ಕಮೋಡಿನಲ್ಲಿ ಕೆಂಪು. ಮೊದಲು ತೋಚಿದ್ದು ಇದು ಯಾರಿಗೂ ಗೊತ್ತಾಗಬಾರದು ಎಂಬುದೊಂದೇ. ಕೈ ತಾನಾಗಿ ನಲ್ಲಿಗೆ ಹೋಗಿ ಪೂರ್ತಿ ತಿರುಗಿಸಿತು. ನೀರಿನ ಹೊತ್ತು; ಬಕೆಟ್ಟಿಗೆ ನೀರು ಅಬ್ಬರದಿಂದ ಬಿತ್ತು. ಆ ಅಬ್ಬರದ ನಡುವೆ, ಅವನ ಕಿವಿಯ ಪಕ್ಕದಲ್ಲೇ, ಯಾರೋ ಗಂಟಲು ಸರಿಮಾಡಿಕೊಂಡರು.

ಧನರಾಜ ತಿರುಗಿ ನೋಡಲಿಲ್ಲ. ನಲ್ಲಿ ಮುಚ್ಚಿದ. ಚಿಲಕ ತೆಗೆದು, "ಅತ್ತಿಗೆ, ರಕ್ತ ಹೋಗ್ತಾ ಉಂಟು," ಎಂದು ಕರೆದ.

ಅಪ್ಪಿ ಬಂದು ಸಂಕೋಚವಿಲ್ಲದೆ ಬಗ್ಗಿ ನೋಡಿದರು. "ಸ್ವಲ್ಪವೇ. ಆದ್ರೂ ಫೋನ್ ಮಾಡು. ನನ್ನೆದುರಿಗೇ ಮಾಡು."

ಬ್ಯಾಂಡ್ ಉದುರಿರಬೇಕು, ಇಷ್ಟು ರಕ್ತ ಸಹಜ, ಹೆಚ್ಚಾದರೆ ಮಾತ್ರ ಬನ್ನಿ ಎಂದರು ಡಾಕ್ಟರ್. ಇಡಲು ಹೊರಟ ಫೋನನ್ನು ಧನರಾಜ ಮತ್ತೆ ಕಿವಿಗಿಟ್ಟುಕೊಂಡ. "ಡಾಕ್ಟರ್ ಸಾಬ್, ಮೇರೇ ಭಾಯಿ ಕೋ ಆಂತ್ ಕಾ ಕ್ಯಾನ್ಸರ್ ಥಾ." ಅಣ್ಣನಿಗಿದ್ದದ್ದು ಕರುಳಿನ ಕ್ಯಾನ್ಸರ್ ಎಂದು ಕೊನೆಗೂ ಬಾಯಿಬಿಟ್ಟ. ಹಾಗಾದರೆ ಗಾಯ ಮಾಯ್ದ ಮೇಲೆ ದೊಡ್ಡ ಕರುಳನ್ನು ಕ್ಯಾಮರಾ ಹಾಕಿ ನೋಡಲೇಬೇಕು ಎಂದರು ಅವರು.

ನೋಡಿದಾಗ ಪುಟ್ಟ ಗಡ್ಡೆಯೊಂದು ಸಿಕ್ಕಿತು. ಅದನ್ನು ಅಲ್ಲೇ ತೆಗೆದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು. ಅಣ್ಣನ ಮಗಳೂ ಸಕಾಲದಲ್ಲಿ ತೋರಿಸಿಕೊಳ್ಳಬೇಕು ಎಂದು ಡಾಕ್ಟರ್ ಒತ್ತಿ ಹೇಳಿದರು.

ಆ ಭಾನುವಾರ ಅಪ್ಪಿ ಧನರಾಜನನ್ನೂ ಮಲಾಡ್‌ಗೆ ಕರೆದುಕೊಂಡು ಹೋದರು. ಅಳಿಯ ಅನುರಾಗ್ ಚಹಾ ತಂದಿಟ್ಟ. ಅವನು ಒಳಗೆ ಹೋಗಲೆಂದು ಧನರಾಜ ಕಾಯುತ್ತಿದ್ದರೆ, ಅಪ್ಪಿ ಕಾಯಲಿಲ್ಲ.

"ನೀನೂ ಕೂತ್ಕೋ. ಯಕ್ಷಿತಾಳ ಅಪ್ಪ ಹಾರ್ಟಿನಿಂದ ಹೋದದ್ದಲ್ಲ. ಕರುಳಿನ ಕ್ಯಾನ್ಸರ್. ನಿಮ್ಮ ಮನೆಯವರಿಗೆ ಸುಳ್ಳು ಹೇಳಿದೆವು."

ಯಕ್ಷಿತಾ ತಲೆ ತಗ್ಗಿಸಿದಳು. ಅನುರಾಗ್ ಮಾತ್ರ ಅತ್ತೆಯ ಮುಖವನ್ನೇ ನೋಡುತ್ತಿದ್ದ.

"ಮಾಲೂಮ್ ಹೈ ಅತ್ತೆ, ನಂಗೆ ಗೊತ್ತು," ಎಂದ ಮೆಲ್ಲಗೆ, ಪದ ಹುಡುಕುತ್ತ. "ಶಾದಿಗೆ ಮೊದ್ಲು ಮಾವ ನನ್ನನ್ನು ಹೋಟೆಲಿಗೆ ಕರೆದಿದ್ರು. ಎಲ್ಲ ಹೇಳಿದ್ರು. ಬೇಡ ಅನ್ಸಿದ್ರೆ ಈಗ್ಲೇ ಹೇಳು, ಬೇಜಾರಿಲ್ಲ ಅಂದ್ರು. ನಮ್ಮ ಮನೆಯವರಿಗೆ ಮಾತ್ರ ಹೇಳ್ಬೇಡ, ಅವರು ನನಗೋಸ್ಕರ ಸುಳ್ಳು ಹೇಳ್ತಾ ಇದ್ದಾರೆ ಅಂದ್ರು."

ಯಕ್ಷಿತಾ ಗಂಡನತ್ತ ತಿರುಗಿದಳು. ಅವಳಿಗೂ ಇದು ಗೊತ್ತಿರಲಿಲ್ಲ. ಧನರಾಜನ ಕೈಯಲ್ಲಿ ಚಹಾ ಕೆನೆ ಕಟ್ಟಿತ್ತು.

ಅಪ್ಪಿ ಸೆರಗಿನಿಂದ ಮೂಗು ಒರೆಸಿಕೊಂಡು, ಕುರ್ಚಿಯನ್ನು ಅಳಿಯನ ಹತ್ತಿರಕ್ಕೆ ಎಳೆದುಕೊಂಡರು.

"ಮತ್ತೆ ಎಂತ ಹೇಳಿದ್ರು ಅವ್ರು?"