ಖುರ್ಮಾಳನ್ನು ಹೊರಗೆ ಬಿಟ್ಟವರು

ಮೂರನೆಯ ಬಟ್ಟಲು ಹಾಲೂ ಹಾವಿನ ತಲೆಯ ಮೇಲೆ ಬಿತ್ತು. ಹಾವು ಕದಲಲಿಲ್ಲ. ಹಾಲು ಮಾತ್ರ ಒಲೆಯ ಕೆಳಗಿನಿಂದ ಹರಿದು, ಶಾಲೆಯ ಅಡುಗೆಮನೆಯನ್ನು ಉದ್ದಕ್ಕೂ ದಾಟಿ, ಬಾಗಿಲಲ್ಲಿ ನಿಂತಿದ್ದ ನನ್ನ ಬೂಟಿನ ತುದಿಯನ್ನು ಮುಟ್ಟಿತು.

"ಬಂದ ದಾರಿ ಹಿಡಿಯಪ್ಪಾ, ನಮಗೂ ಒಳ್ಳೇದಾಗ್ಲಿ, ನಿನಗೂ ಒಳ್ಳೇದಾಗ್ಲಿ," ಎಂದು ಕಸ ಗುಡಿಸುವ ಮುದುಕಿ ಬಾತ್ಮಾ ಅಪಾ ಬಟ್ಟಲು ಕೆಳಗಿಟ್ಟು ಎರಡೂ ಅಂಗೈಗಳನ್ನು ಮುಖಕ್ಕೆ ಸವರಿಕೊಂಡಳು.

"ಅದೇನು ಕರುವೇ ಅಪಾ, ಹಾಲು ಕಂಡ್ರೆ ಹಿಂದೆ ಬರೋಕೆ?" ಅಡುಗೆಯ ರಾಖಾತ್ ಮೇಜು ಹತ್ತಿ ನಿಂತಿದ್ದಳು, ಕೈಯಲ್ಲಿ ಸೌಟು. "ನಾಲ್ಕು ಲೀಟರ್ ಆಯ್ತು. ಇನ್ನು ಮಕ್ಕಳ ಗಂಜಿಗೆ ನೀರೇ ಗತಿ. ಇನ್ನಷ್ಟು ಹಾಲು ತರ್ತೀನಿ ಅಂತ ಹೋದ ಡ್ರಿಲ್ ಮಾಸ್ತರು ಹಸು ಕೊಳ್ಳೋಕೆ ಹೋದ್ರೋ ಏನೋ, ಪತ್ತೆನೇ ಇಲ್ಲ."

"ಬಾಯಿ ಮುಚ್ಚೇ. ಮನೆ ಹೊಕ್ಕ ಹಾವಿನ ಮುಂದೆ ಹಾಗೆಲ್ಲ ಮಾತಾಡ್ಬಾರ್ದು."

ಅವರ ನಡುವೆ ನಿಂತಿದ್ದ ಶಾಲೆಯ ಮುಖ್ಯಸ್ಥೆ, ಡೈರೆಕ್ಟರ್ ಉಮ್ಸುನಾಯ್ ಎಜೆ ತಿರುಗಿ ನನ್ನನ್ನು ನೋಡಿದರು. ತಪಾಸಣೆಯ ಕಮಿಷನ್ ಬರುವ ದಿನವೆಂದು ನೇರಳೆ ಮಖಮಲ್ಲಿನ ಕೋಟು ಹಾಕಿದ್ದರು. ಅದರ ತೋಳಿನ ಮೇಲೂ ಹಾಲು.

"ಬಂದ್ಯಾ ಬುರುಲ್! ಬಾ ತಂಗಿ, ಬಾ."

ಹದಿನೈದು ತಿಂಗಳ ಹಿಂದೆ ಇವರೇ ನನ್ನನ್ನು ಕಾಗದದಲ್ಲಿ 'ಸದರಿ ಮಹಿಳೆ' ಎಂದು ಬರೆದಿದ್ದರು. ಈಗ ತಂಗಿ. ನಾನಂತೂ ಮೊದಲಿನಿಂದಲೂ ಅವರನ್ನು ಎಜೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ.

ಅವರ ಸಂಕಟ ಅವರು ಫೋನ್ ಮಾಡಿ ಕರೆದಾಗಲೇ ನನಗೆ ಅರ್ಥವಾಗಿತ್ತು. ಹನ್ನೆರಡಕ್ಕೆ ಜಿಲ್ಲೆಯ ಕಮಿಷನ್ ಬರುತ್ತದೆ. ಇನ್ನೂ ಎರಡು ವರ್ಷ ಅವರನ್ನು ಆ ಕುರ್ಚಿಯಲ್ಲಿ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಮುನ್ನೂರು ಮಕ್ಕಳು ಊಟದ ಕೋಣೆಯಲ್ಲಿ ಚಮಚ ಬಡಿಯುತ್ತಿದ್ದಾರೆ. ಒಲೆಯ ಹಿಂದೆ ಹಾವು. ರಕ್ಷಣಾ ದಳದವರು ಸಂಜೆಗೆ ಬರುತ್ತೇವೆ ಅಂದರಂತೆ. ಒಳಗೆ ಬಂದ ಹಾವನ್ನು ಹೊಡೆಯುವಂತಿಲ್ಲ, ಹಾಲು ಸುರಿದು ಮರ್ಯಾದೆಯಿಂದ ಕಳಿಸಬೇಕು. ನಮ್ಮ ಕಣಿವೆಯಲ್ಲಿ ಕುಡುಕನೂ ಈ ನಿಯಮ ಮೀರುವುದಿಲ್ಲ.

ನಾನು ಮೊಣಕಾಲೂರಿ ಒಲೆಯ ಹಿಂದೆ ಇಣುಕಿದೆ. ಬೂದು ಮೈ, ಕಂದು ಮಚ್ಚೆ, ಕಿರಿದಾದ ತಲೆ, ದುಂಡು ಕಣ್ಪಾಪೆ. ಇಲಿ ಹಿಡಿದು ಬದುಕುವ ಬಡಪಾಯಿ. ವಿಷವಿಲ್ಲ. ಹೆದರಿದಾಗ ಬಾಲವನ್ನು ತಗಡಿಗೆ ಬಡಿದು ತಾನು ಮಂಡಲದ ಹಾವು ಅನ್ನಿಸಿಕೊಳ್ಳುತ್ತದೆ, ಅಷ್ಟೆ. ಒಲೆಯ ಬೆನ್ನು ಬೆಚ್ಚಗಿತ್ತು, ಹಾಲು ತಣ್ಣಗಿತ್ತು. ಅದು ಯಾಕೆ ಹೊರಗೆ ಬಂದೀತು? ನನ್ನ ಅಪ್ಪ ಮೂವತ್ತು ವರ್ಷ ನಗರದ ಹಾವಿನ ಕೇಂದ್ರದಲ್ಲಿ ವಿಷ ಹಿಂಡಿದವನು. ಹಾವಿನ ತಲೆ ನೋಡಿ ಜಾತಿ ಹೇಳುವುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಎರಡು ಬೆರಳಲ್ಲಿ ಎತ್ತಿ ಚೀಲಕ್ಕೆ ಹಾಕಬಹುದಿತ್ತು.

ಎದ್ದು ನಿಂತು ಉದ್ದಕ್ಕೆ ಉಸಿರು ಬಿಟ್ಟೆ.

"ವಿಷದ್ದಾ?" ಉಮ್ಸುನಾಯ್ ಎಜೆ ಕೇಳಿದರು.

"ಬಾಲದ ಸದ್ದು ಕೇಳಿಸ್ತಿಲ್ವಾ ನಿಮಗೆ?"

ನಾನು ಸುಳ್ಳು ಹೇಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ.

"ರಾಖಾತ್, ಚಹಾ ಇದ್ಯಾ?"

"ಕೆಟಲ್ಲು ಆ ಕಡೆ ಇದೆ ಎಜೆ. ಹಾವಿನ ಹತ್ರ ಕೇಳ್ಕೊಂಡು ಕೊಡ್ತೀನಿ."

ನನ್ನ ಹಾವು ಖುರ್ಮಾ ಹೀಗೆ ಯಾರನ್ನೂ ಹೆದರಿಸಿದವಳಲ್ಲ. ಮಾಗಿದ ಖುರ್ಮಾ ಹಣ್ಣಿನ ಕಿತ್ತಳೆ ಬಣ್ಣ, ನನ್ನ ಎರಡು ತೋಳಿನಷ್ಟು ಉದ್ದ, ಮೊಟ್ಟೆಯೊಡೆದು ಬಂದದ್ದೇ ನನ್ನ ಅಂಗೈಯಲ್ಲಿ. ಆರು ವರ್ಷ ಅವಳನ್ನು ಹೆಗಲಿಗೆ ಹಾಕಿಕೊಂಡು ಕಣಿವೆಯ ನಲವತ್ತು ಶಾಲೆ ತಿರುಗಿದೆ. ಮೊದಲ ಸಾಲಿನ ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಿದ್ದರು. ಹತ್ತು ನಿಮಿಷದ ಮೇಲೆ ಅದೇ ಕೈಗಳು ಸರದಿಗಾಗಿ ಜಗಳಾಡುತ್ತಿದ್ದವು. ಇದಕ್ಕೆ ಕಿವಿ ಎಲ್ಲಿ? ನಿದ್ದೆ ಬಂದರೆ ಕಣ್ಣು ಮುಚ್ಚುವುದು ಹೇಗೆ? ಅಜ್ಜಿಯ ಕೈಚೀಲದ ಹಾಗಿದೆಯಲ್ಲ! ಹಾವಿನ ರಕ್ತಕ್ಕೆ ಸ್ವಂತ ಬಿಸಿಯಿಲ್ಲ, ನಾವು ಕೊಟ್ಟ ಬಿಸಿಯೇ ಅದರ ಜೀವ ಎಂದು ನಾನು ನಲವತ್ತು ಶಾಲೆಗಳಲ್ಲಿ ಹೇಳಿದ್ದೇನೆ. ಈ ಶಾಲೆಯಲ್ಲೂ ಹೇಳಿದ್ದೆ. ಉಮ್ಸುನಾಯ್ ಎಜೆ ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿದ್ದರು.

ಕಳೆದ ವರ್ಷದ ಜನವರಿಯಲ್ಲಿ ಅವರೇ ಕೇಳಿದರು: ಜೀವಶಾಸ್ತ್ರದ ಕೋಣೆಯ ಪ್ರಾಣಿಗಳ ಮೂಲೆಯಲ್ಲಿ ಒಂದು ವಾರ ಖುರ್ಮಾಳನ್ನು ಬಿಟ್ಟು ಹೋಗು, ಆಮೆಯ ಪಕ್ಕದಲ್ಲಿ. ಗಾಜಿನ ಪೆಟ್ಟಿಗೆ, ಬಿಸಿಯ ದೀಪ ಎಲ್ಲ ಇಟ್ಟು ಬಂದೆ. ಮುಚ್ಚಳದ ಕೊಂಡಿ ಸ್ವಲ್ಪ ಸಡಿಲವಿತ್ತು. ಅದು ನನಗೆ ಗೊತ್ತಿತ್ತು. ನಾಳೆ ಸರಿಮಾಡೋಣ ಅಂದುಕೊಂಡಿದ್ದೆ. ಭಾನುವಾರ ಕರೆಂಟು ಹೋಯಿತು. ಸೋಮವಾರ ಪೆಟ್ಟಿಗೆ ಖಾಲಿ.

ಹನ್ನೊಂದು ದಿನ ಶಾಲೆಯ ಪೈಪುಗಳ ಹಿಂದೆ, ನೆಲದ ಹಲಗೆಗಳ ಕೆಳಗೆ ಟಾರ್ಚು ಹಿಡಿದು ಹುಡುಕಿದೆ. ಉಮ್ಸುನಾಯ್ ಎಜೆ ದಿನವೂ ಬಂದು, "ಸಿಕ್ತಾ?" ಎಂದು ಕೇಳಿ ಹೋಗುತ್ತಿದ್ದರು. ಹನ್ನೆರಡನೆಯ ದಿನ ಜಿಲ್ಲೆಗೆ ಕಾಗದ ಬರೆದರು: ಸದರಿ ಮಹಿಳೆಯ ಅಜಾಗರೂಕತೆಯಿಂದ ಹಾವು ತಪ್ಪಿಸಿಕೊಂಡಿದೆ, ಮಕ್ಕಳ ಪ್ರಾಣಕ್ಕೆ ಅಪಾಯ. ನಲವತ್ತು ಶಾಲೆಗಳ ಬಾಗಿಲೂ ಮುಚ್ಚಿತು. ನಾನು ತೊಕ್ಮೊಕ್ ಪಟ್ಟಣದ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚಲು ಸೇರಿದೆ.

ನಿಜ ತಿಳಿದದ್ದು ಅದೇ ವರ್ಷದ ಮಾರ್ಚಿನಲ್ಲಿ, ಬಜಾರಿನಲ್ಲಿ. ಬಾತ್ಮಾ ಅಪಾ ನನ್ನ ಕೈ ಹಿಡಿದು ಸಮಾಧಾನ ಹೇಳಿದಳು: "ಕೊರಗಬೇಡ ಮಗಳೇ. ನಾನೇ ಹೇಳ್ತೀನಿ ಅಂದಿದ್ರು ಡೈರೆಕ್ಟರು, ಅದಕ್ಕೇ ಇಷ್ಟು ದಿನ ಸುಮ್ನಿದ್ದೆ. ನಿನ್ನ ಹಾವನ್ನ ನಾವು ಬರಿಗೈಲಿ ಕಳಿಸ್ಲಿಲ್ಲ. ಅವತ್ತು ಭಾನುವಾರ ಡೈರೆಕ್ಟರ ಕೋಣೇಲಿ ಇದ್ದಿಲೊಲೆ ಉರೀತಿತ್ತಲ್ಲ, ಅದರ ಪಕ್ಕ ಬಂದು ಮಲಗಿತ್ತು. ಡೈರೆಕ್ಟರೇ ಕೈಯಾರೆ ಹಾಲು ಹಾಕಿದ್ರು. ನಾನು ಬಾಗಿಲು ತೆಗೆದು ಪೊರಕೇಲಿ ಮೆಲ್ಲಗೆ ದಾಟಿಸಿದೆ. ಎಷ್ಟು ಮರ್ಯಾದೆಯಾಗಿ ಹೋಯ್ತು ಅಂತೀಯಾ!"

ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿತ್ತು. ಹಾಲಿನಲ್ಲಿ ನೆಂದ ಮೈ. ಅವಳು ಬೇಲಿಯ ತನಕವೂ ಹೋಗಿರಲಾರಳು.

ಮುದುಕಿಯ ಮೇಲೆ ನನಗೆ ಕೋಪ ಬರಲಿಲ್ಲ. ಅವಳು ಒಳ್ಳೆಯದು ಮಾಡಿದೆನೆಂದೇ ನಂಬಿದ್ದಳು. ಆದರೆ ಉಮ್ಸುನಾಯ್ ಎಜೆಗೆ ಹನ್ನೊಂದು ದಿನವೂ ಗೊತ್ತಿತ್ತು. ಮೇಲಾಗಿ ಅವರು ಮಕ್ಕಳಿಗೊಂದು ಕತೆ ಕಟ್ಟಿ ಹೇಳಿದ್ದರು. ಅದು ನನಗೆ ತಿಳಿದದ್ದು ಬಸ್ಸಿನಲ್ಲಿ. ಮೂರನೆಯ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಪಕ್ಕದ ಸೀಟಿನಿಂದ ಎದ್ದು ನಿಂತಳು. "ಎಜೆ, ನೀವು ಖುರ್ಮಾಗೆ ಊಟಾನೇ ಹಾಕ್ತಿರ್ಲಿಲ್ವಂತೆ. ಅದಕ್ಕೇ ಓಡಿಹೋಯ್ತಂತೆ. ಹೌದಾ?"

ಅವತ್ತಿನಿಂದ ನಾನು ಈ ಫೋನಿಗಾಗಿ ಕಾದಿದ್ದೆ. ಯಾವುದರ ಬಗ್ಗೆ ಬರುತ್ತದೆಂದು ಗೊತ್ತಿರಲಿಲ್ಲ. ಬರುತ್ತದೆಂದು ಮಾತ್ರ ಗೊತ್ತಿತ್ತು.

"ಯಾಕೆ ಕೂತೆ ತಂಗಿ?" ಉಮ್ಸುನಾಯ್ ಎಜೆ ಗಡಿಯಾರ ನೋಡಿದರು. ಹನ್ನೊಂದೂವರೆ. "ಹಿಡಿ ಬೇಗ."

"ಹಿಡೀತೀನಿ. ಮೊದಲು ನೀವು ಪಕ್ಕದ ಕೋಣೆಗೆ ಹೋಗಿ. ಮಕ್ಕಳೆಲ್ಲ ಅಲ್ಲೇ ಇದ್ದಾರೆ. ಖುರ್ಮಾ ಓಡಿಹೋಗ್ಲಿಲ್ಲ, ಚಳಿಗಾಲದಲ್ಲಿ ನಾನೇ ಹೊರಗೆ ಹಾಕಿಸ್ದೆ, ಆಮೇಲೆ ಸುಳ್ಳು ಹೇಳ್ದೆ ಅಂತ ಹೇಳಿ. ಎರಡು ಮಾತು. ಅಷ್ಟೆ."

ರಾಖಾತ್ ಸೌಟನ್ನು ಎದೆಗೆ ಅವುಚಿಕೊಂಡಳು. ಬಾತ್ಮಾ ಅಪಾ ಡೈರೆಕ್ಟರ ಮುಖ ನೋಡಿದಳು, ಆಮೇಲೆ ನನ್ನ ಮುಖ.

"ಹಾಕಿಸ್ದೆ ಅಂತೀಯಲ್ಲ, ನಾನೇನು ಕೊಲ್ಲಬೇಕು ಅಂತ ಮಾಡಿದ್ನಾ?" ಉಮ್ಸುನಾಯ್ ಎಜೆಯ ದನಿ ಇಳಿಯಿತು. "ಕಾಲ ಹತ್ರ ಹಾವು. ನಮ್ಮಜ್ಜಿ ಹೇಳಿಕೊಟ್ಟಿದ್ದು ಕೈಗೆ ತಾನಾಗಿ ಬಂತು. ಕೋಣೆ ಬಾಗಿಲು ಹಾಕಿದ್ಮೇಲೆ ತಲೆಗೆ ಹೊಳೀತು, ಇದು ನಿನ್ನ ಹಾವು, ಹೊರಗೆ ಹಿಮ ಅಂತ."

"ಆಗ ಬಾಗಿಲು ತೆಗೀಬಹುದಿತ್ತು."

ಅವರು ತೋಳಿನ ಮೇಲಿನ ಹಾಲನ್ನು ಒರೆಸತೊಡಗಿದರು.

"ತೆಗೀಬಹುದಿತ್ತು ಎಜೆ. ಆ ಎರಡು ನಿಮಿಷ ಅವಳಿನ್ನೂ ಬದುಕಿರ್ತಿದ್ಲು."

"ಇದು ವಿಜ್ಞಾನದ ಶಾಲೆ ಅಂತ ಬೋರ್ಡು ಹಾಕ್ಕೊಂಡಿದ್ದೀನಿ, ಬುರುಲ್. ಡೈರೆಕ್ಟರು ಹಾವಿನ ತಲೆಗೆ ಹಾಲು ಹುಯ್ದಳು ಅಂದ್ರೆ ಜಿಲ್ಲೇಲಿ ನಗ್ತಾರೆ. ಇವತ್ತು ಹೇಳಿದ್ರಂತೂ ಕಮಿಷನ್ ಕಾರಿಂದ ಇಳಿಯೋದೂ ಬೇಡ."

"ಇಳೀಲಿ. ಹಾಲಲ್ಲಿ ಜಾರದ ಹಾಗೆ ನೋಡ್ಕೊಳ್ಳೋಕೆ ಹೇಳಿ."

ಮೇಜಿನ ಮೇಲಿಂದ ರಾಖಾತ್ ಕಿಸಕ್ಕೆಂದಳು. ಉಮ್ಸುನಾಯ್ ಎಜೆಯ ಕತ್ತು ಕೆಂಪಗಾಯಿತು. ಆ ಕೆಂಪನ್ನು ನಾನು ಬಾಯಾರಿದವಳ ಹಾಗೆ ನೋಡಿದೆ. ಇನ್ನೂ ಬೇಕಿತ್ತು.

ಒಲೆಯ ಹಿಂದೆ ಬಾಲ ಮತ್ತೆ ತಗಡಿಗೆ ಬಡಿಯಿತು. ಅವರು ಬೆಚ್ಚಿ ಹಿಂದೆ ಸರಿದು, ಕೋಟಿನ ಒಳಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಸಿದ್ಧ ಮಾಡಿಕೊಂಡೇ ಕಾದಿದ್ದರು.

"ಓದು. ದುಂಡು ಮೊಹರೂ ಇದೆ. ಈ ಕಾಗದ ಒಂದಿದ್ರೆ ನಲವತ್ತು ಶಾಲೆಗೂ ಹೋಗ್ಬಹುದು. ಗುಂಡಿ ಹೊಲಿಯೋದು ನಾಳೆಯಿಂದ ಬಿಡು. ನಮ್ಮಲ್ಲೇ ಶುರುಮಾಡು ಬೇಕಾದ್ರೆ."

ಓದಿದೆ. 'ಬುರುಲ್ ಅವರ ವಿರುದ್ಧ ಶಾಲೆಗೆ ಈಗ ಯಾವ ದೂರೂ ಇರುವುದಿಲ್ಲ.' ಖುರ್ಮಾಳ ಹೆಸರಿರಲಿಲ್ಲ. ನೀಲಿ ಮೊಹರು ಚೆನ್ನಾಗಿ ಮೂಡಿತ್ತು. ನನ್ನ ಹೆಬ್ಬೆರಳಿನಲ್ಲಿ ಸೂಜಿ ಚುಚ್ಚಿದ ಗುರುತುಗಳು ಹಾಳೆಯ ಬಿಳುಪಿನ ಮೇಲೆ ಎದ್ದು ಕಂಡವು. ಮನೆಯಲ್ಲಿ ಇನ್ನೂ ಮೂರು ಹಾವುಗಳಿವೆ. ಅವುಗಳಲ್ಲಿ ಒಂದಕ್ಕೆ ಹೆಗಲ ಮೇಲೆ ಕೂರುವುದನ್ನು ಅಭ್ಯಾಸ ಮಾಡಿಸುತ್ತಿದ್ದೆ, ಯಾವ ಕ್ಲಾಸಿಗೆಂದು ಗೊತ್ತಿಲ್ಲದೆ. ಕಾಗದವನ್ನು ಅವರ ಕೈಗೇ ಕೊಟ್ಟೆ.

"ಎರಡು ಮಾತು, ಎಜೆ."

ಹೊರಗೆ ಕಾರು ನಿಂತ ಸದ್ದು. ಒಂದಲ್ಲ, ಎರಡು. ಊಟದ ಕೋಣೆಯಲ್ಲಿ ಚಮಚಗಳ ಬಡಿತ ತಾಳ ಹಿಡಿಯಿತು.

"ನಾನು ಹೇಳ್ತೀನಿ ಬಿಡು ಮಗಳೇ." ಬಾತ್ಮಾ ಅಪಾ ಒದ್ದೆ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಮುಂದೆ ಬಂದಳು. "ಮಕ್ಕಳ ಮುಂದೆ ನಿಂತ್ಕೊಂಡು, ನಾನೇ ಹಾಕ್ದೆ, ನಾನೇ ಮುಚ್ಚಿಟ್ಟೆ ಅಂತೀನಿ. ಮುದುಕಿಗೆ ಯಾರೇನು ಮಾಡ್ತಾರೆ? ಡೈರೆಕ್ಟರ ಕುರ್ಚಿ ಉಳೀಲಿ, ನಿನ್ನ ಹೆಸರೂ ಉಳೀಲಿ."

ಉಮ್ಸುನಾಯ್ ಎಜೆ ಅವಳನ್ನು ತಡೆಯಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ನನ್ನನ್ನೇ ನೋಡುತ್ತಿದ್ದರು. ಮುಖದ ಬಿಗಿ ಸಡಿಲವಾಗುತ್ತಾ ಬಂತು.

"ಆಯ್ತಲ್ಲ ಹಾಗಾದ್ರೆ," ಎಂದು ಕಾಗದವನ್ನು ಮತ್ತೆ ನನ್ನತ್ತ ಚಾಚಿದರು. "ನೀನು ಕೇಳಿದ ಮಾತೂ ಆಗುತ್ತೆ, ಕಾಗದಾನೂ ನಿಂದೇ. ತಗೋ ತಂಗಿ. ತಗೊಂಡು ಹಾವು ಹಿಡಿ."

"ಬೇಡ," ಎಂದೆ, ಸ್ಟೂಲಿನಿಂದ ಏಳದೆ. "ಆ ಎರಡು ಮಾತು ನಿಮ್ಮ ಬಾಯಿಂದಲೇ ಬರ್ಬೇಕು."